ಕೇಸ್‌ಶೀಟಿನ ಒಂದು ಪದ

ತ್ರಿಪ್ಲಿಕೇನ್
9 ಮೇ 2024

ಸುಶಮೀಂದ್ರ ಮೇಷ್ಟ್ರಿಗೆ ಮಧ್ವರಾಜ ಭಟ್ಟನ ನಮಸ್ಕಾರ.

ಆರು ವರ್ಷ ಮಾತು ಬಿಟ್ಟವ ಈಗ ಯಾಕೆ ಕಾಗದ ಬರೆದ ಎಂದು ನೀವು ಕನ್ನಡಕ ಮೇಲಕ್ಕೇರಿಸಿ ನೋಡುತ್ತಿರಬಹುದು. ಫೋನು ಮಾಡಬಹುದಿತ್ತು. ಆದರೆ ನಾನು ಫೋನಿನಲ್ಲಿ ಮಾತಾಡಿದರೆ ಇಡೀ ಬೀದಿಗೆ ಕೇಳುತ್ತದೆ, ಮಗಳು ಪ್ರಣಮ್ಯಾ ಪಕ್ಕದ ಕೋಣೆಯಲ್ಲೇ ಇರುತ್ತಾಳೆ. ಅಲ್ಲದೆ ನಿಮ್ಮ ದನಿ ಕೇಳಿದ ಕೂಡಲೇ ನನಗೆ ಪುನಃ ಸಿಟ್ಟು ಬಂದರೆ? ಕಾಗದದಲ್ಲಿ ಆ ಭಯ ಇಲ್ಲ.

ವಿಷಯ ಇಷ್ಟೆ. ರಾಮನವಮಿಯ ದಿನ ಪ್ರತಿವರ್ಷದ ಹಾಗೆ ನಮ್ಮ ಮೆಸ್ಸಿನ ಮುಂದೆ ಪಾನಕ, ನೀರುಮಜ್ಜಿಗೆ ಹಂಚಿದೆ. ಮಡಿಯಲ್ಲಿದ್ದೆ, ಚಪ್ಪಲಿಯ ಮಾತೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಉಳಿದವರು ಕಾಲು ಎತ್ತಿ ಎತ್ತಿ ಕುಣಿಯುತ್ತಿದ್ದರು, ನಾನು ಎರಡು ಗಂಟೆ ಅಲ್ಲಾಡದೆ ನಿಂತೆ. ದೇವರ ಕೆಲಸ, ಅದಕ್ಕೇ ಬಿಸಿ ತಟ್ಟಲಿಲ್ಲ ಎಂದು ಒಳಗೊಳಗೇ ಜಂಬ ಪಟ್ಟೆ. ಶುಗರಿನಿಂದ ನನ್ನ ಪಾದಕ್ಕೆ ಸ್ಪರ್ಶ ಹೋಗಿ ವರ್ಷವೇ ಆಗಿರಬೇಕು ಎಂದು ಆಮೇಲೆ ಡಾಕ್ಟರು ಹೇಳಿದರು. ಸಂಜೆ ಪ್ರಣಮ್ಯಾ ನೋಡಿ ಕಿರುಚಿದಾಗಲೇ ನನಗೆ ಗೊತ್ತಾದದ್ದು, ಎಡಗಾಲಿನ ತಳವೆಲ್ಲ ಬೊಕ್ಕೆ ಎದ್ದಿತ್ತು.

ಉಳಿದದ್ದು ಮಾಯಿತು, ಕಿರುಬೆರಳು ಮಾತ್ರ ಕಪ್ಪಾಗಿದೆ. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಕೇಸ್‌ಶೀಟಿನ ಮೇಲೆ ಒಂದು ಪದ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಗ್ಯಾಂಗ್ರೀನ್. ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷನ್ನು ಅಂಗಡಿಗಳ ಬೋರ್ಡು ನನಗೆ ಕಲಿಸಿದೆ. ಪ್ರಣಮ್ಯಾಳನ್ನು ಕೇಳಿದರೆ, “ಒಣ್ಣುಮ್ ಇಲ್ಲಪ್ಪಾ, ಏನಿಲ್ಲ, ಸಣ್ಣ ಇನ್‌ಫೆಕ್ಷನ್” ಎನ್ನುತ್ತಾಳೆ. ಮುಖ ಬೇರೆಯೇ ಹೇಳುತ್ತದೆ. ಡಾಕ್ಟರು ಬೆರಳು ತೆಗೆಯಬೇಕು ಎನ್ನುತ್ತಿದ್ದಾರೆ. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ನೀವು ಮೂವತ್ತು ವರ್ಷ ರೈಲ್ವೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಒಂದು ಪದ ಸಿಕ್ಕಿದರೆ ಅದರ ಅಜ್ಜ ಮುತ್ತಜ್ಜಂದಿರ ಜಾತಕ ತೆಗೆಯುವವರು. ಈ ಪದಕ್ಕೆ ಏನರ್ಥ, ಎಲ್ಲಿಂದ ಬಂತು, ಬರೆಯಿರಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮಿಬ್ಬರ ವಿಷಯದಲ್ಲಿ ಸುಳ್ಳಾಯಿತು ನೋಡಿ.

ಇಂತಿ,
ಮಧ್ವರಾಜ


ಪೆರಂಬೂರು
14 ಮೇ 2024

ಭಟ್ಟರಿಗೆ ನಮಸ್ಕಾರಗಳು.

ಲಕೋಟೆ ನೋಡಿ ನನ್ನಾಕೆ ಲಕ್ಷ್ಮೀ, “ಯಾರ್ದ್ರೀ ಇದು, ಸೌಟಲ್ಲಿ ಬರ್ದಂಗಿದೆ ಅಕ್ಷರ?” ಅಂದಳು. ಹೆಸರು ಹೇಳಿದೆ. ಒಳಗೆ ಹೋಗಿ ಒಂದು ಲೋಟ ಕಾಫಿ ತಂದಿಟ್ಟಳು. ನಾನು ಕೇಳಿರಲಿಲ್ಲ.

ನಿಮ್ಮ ಪದಕ್ಕೆ ಬರುತ್ತೇನೆ. ಅದರ ಬಾಲದಲ್ಲಿರುವ ಗ್ರೀನಿಗೂ ಹಸಿರು ಬಣ್ಣಕ್ಕೂ ಯಾವ ನಂಟೂ ಇಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಹಾಗೇ ತಿಳಿದಿದ್ದರು. ಮೂಲ ಗ್ರೀಕ್ ಭಾಷೆಯದು, ಗಾಂಗ್ರೈನ. ಕಡಿದು ಕಡಿದು ತಿನ್ನುವ ಹುಣ್ಣು ಎಂದು ಅರ್ಥ. ಗ್ರೀಕರಿಂದ ಲ್ಯಾಟಿನ್ನಿಗೆ, ಅಲ್ಲಿಂದ ಫ್ರೆಂಚಿಗೆ, ಹದಿನಾರನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ದಾರಿಯಲ್ಲಿ ಕೆಲವರು ಅದನ್ನು ಕ್ಯಾನ್ಸರಿನ ಜೊತೆ ಕಲಸಿ ‘ಕಾಂಕ್ರೀನ’ ಎಂದೂ ಬರೆದರು. ಮೊದಲು ಮೈಗೆ ಮಾತ್ರ ಹೇಳುತ್ತಿದ್ದದ್ದನ್ನು ಆಮೇಲೆ ಕೆಟ್ಟ ರಾಜ್ಯಕ್ಕೆ, ಕೆಟ್ಟ ನಡತೆಗೆ ಕೂಡ ಹೇಳತೊಡಗಿದರು.

ಇನ್ನೊಂದು ವಿಷಯ ಕೇಳಿ, ಖುಷಿಪಡುತ್ತೀರಿ. ಕಡಿ, ಮೇಯು ಎಂಬರ್ಥದ ಆ ಗ್ರೀಕ್ ಧಾತುವೂ ನಮ್ಮ ಸಂಸ್ಕೃತದ ‘ಗ್ರಸ್’ ಧಾತುವೂ ದಾಯಾದಿಗಳು ಎಂದು ಪಂಡಿತರು ಹೇಳುತ್ತಾರೆ. ಗ್ರಾಸ ಬಂದದ್ದು ಅದರಿಂದಲೇ. ಊಟಕ್ಕೆ ಮೊದಲು ನೀವು ಹಸುವಿಗೆಂದು ಎತ್ತಿಡುವ ಗೋಗ್ರಾಸವೂ ನಿಮ್ಮ ಕೇಸ್‌ಶೀಟಿನ ಪದವೂ ಒಂದೇ ಮನೆತನದವು. ಗ್ರೀಸಿಗೆ ಹೋದ ನೆಂಟ ತ್ರಿಪ್ಲಿಕೇನಿಗೆ ತಿರುಗಿ ಬಂದಿದ್ದಾನೆ.

ಈಗಿನ ವೈದ್ಯರು ಆ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತಾರೆ ಎಂಬುದು ರೋಗಿಯಿಂದ ರೋಗಿಗೆ ಬೇರೆ ಇರಬಹುದು. ಅದನ್ನು ಅವರೇ ಹೇಳಬೇಕು. ಹುಷಾರಾಗಿರಿ.

ನಿಮ್ಮವ,
ಸುಶಮೀಂದ್ರ


ತ್ರಿಪ್ಲಿಕೇನ್
27 ಮೇ 2024

ಮೇಷ್ಟ್ರೇ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಊಟಕ್ಕೆ ಬರುವ ಇಬ್ಬರು ವಕೀಲರಿಗೂ ಗೋಗ್ರಾಸದ ಸಂಗತಿ ಹೇಳಿದೆ. ಒಬ್ಬರು, “ಎನ್ನ ಸ್ವಾಮಿ, ಸಮೈಯಲ್ ವಿಟ್ಟು ಪ್ರೊಫೆಸರ್ ಆಯಿಟ್ಟೀಂಗಳಾ” ಎಂದು ತಮಾಷೆ ಮಾಡಿದರು. ಅಡುಗೆ ಬಿಟ್ಟು ಪ್ರೊಫೆಸರ್ ಆಗುವುದು ಏನೂ ಕೆಟ್ಟದಲ್ಲ ಬಿಡಿ. ಪ್ರೊಫೆಸರಿಗೆ ಹತ್ತು ಬೆರಳೂ ಬೇಕೆಂದು ಯಾರೂ ಕೇಳುವುದಿಲ್ಲ.

ಬೆರಳು ಒಣಗುತ್ತಿದೆ. ನೋವಿಲ್ಲ, ಕೀವಿಲ್ಲ. ಒಣಗಿದ್ದು ಒಳ್ಳೆಯದೇ ಎಂದು ನನ್ನ ಎಣಿಕೆ. ಹಪ್ಪಳ ಸಂಡಿಗೆ ಸರಿಯಾಗಿ ಒಣಗಿದ ಮೇಲೆ ವರ್ಷವಾದರೂ ಕೆಡುವುದಿಲ್ಲ. ಡಾಕ್ಟರು ಈ ವಾದ ಒಪ್ಪಲಿಲ್ಲ, ಜೂನ್ ಮೊದಲ ವಾರವೇ ಬಂದು ಸೇರಿಕೊಳ್ಳಿ ಎಂದರು. ಆಗಸ್ಟಿನಲ್ಲಿ ಮಠದ ಆರಾಧನೆಯ ಮೂರು ದಿನದ ಅಡುಗೆ ಮುಗಿಯಲಿ, ಆಮೇಲೆ ನೋಡುವ ಎಂದೆ.

ಕಾರಣ ನಿಮಗೆ ಗೊತ್ತು. ಅಂಗ ಊನವಾದವ ನೈವೇದ್ಯದ ಒಲೆ ಮುಟ್ಟುವಂತಿಲ್ಲ. ಈ ಮಾತನ್ನು ಮಠದ ಕಮಿಟಿಯ ಮುಂದೆ ಹೇಳಿದವ ನಾನೇ. ಕಿಟ್ಟು ನನ್ನ ಜೊತೆ ಹದಿನಾಲ್ಕು ಆರಾಧನೆ ಬೇಯಿಸಿದವ. ಆರು ವರ್ಷದ ಹಿಂದೆ ಮಠದ ತೆಂಗಿನಕಾಯಿ ತುರಿಯುವ ಮಿಷನ್ನಿಗೆ ಅವನ ಬಲಗೈಯ ಎರಡು ಬೆರಳು ಹೋಯಿತು. ಮೂರು ತಿಂಗಳು ಕಳೆದು, ಗಾಯ ಮಾಯಿಸಿಕೊಂಡು, ಮಡಿ ಉಟ್ಟು ಬಂದು ಬಾಗಿಲಲ್ಲಿ ನಿಂತ. ನಾನು, “ಇವ ಒಲೆ ಮುಟ್ಟಿದ್ರೆ ನಾನು ಈಗ್ಲೇ ಹೋದೆ” ಎಂದೆ. ಅವನನ್ನು ಕೆಲಸದಿಂದ ಬಿಡಿಸಿದ ಕಾಗದ ಬರೆದವರು ನೀವು, ಕಮಿಟಿಯ ಕಾರ್ಯದರ್ಶಿ. ಬರೆದಾದ ಮೇಲೆ ನನಗೆ ಕಟುಕ ಎಂದು ಬೈದು ಮಾತು ಬಿಟ್ಟಿರಿ. ಬೈದದ್ದು ತಪ್ಪು ಎಂದು ನಾನು ಹೇಳುವುದಿಲ್ಲ.

ಈಗ ನನ್ನ ಬೆರಳು ತೆಗೆದರೆ ನಾನು ಯಾವ ಮುಖ ಹೊತ್ತು ಆ ಒಲೆಯ ಮುಂದೆ ನಿಲ್ಲಲಿ? ಹೋಗುವುದಿಲ್ಲ ಎಂದರೆ, ನನಗೆ ಆ ಮೂರು ದಿನ ಬಿಟ್ಟು ವರ್ಷದಲ್ಲಿ ಬೇರೆ ಏನುಂಟು? ಮೆಸ್ಸಿನಲ್ಲಿ ಮಾಡುವುದು ಹೊಟ್ಟೆಪಾಡು.

ಆ ಪದದ ಬಗ್ಗೆ ಇನ್ನೂ ಏನಾದರೂ ಇದ್ದರೆ ಬರೆಯಿರಿ. ನಿಮ್ಮ ಕಾಗದ ಬಂದರೆ ಎರಡು ದಿನ ಹಗುರಾಗಿರುತ್ತೇನೆ.

ಮಧ್ವರಾಜ


ಪೆರಂಬೂರು
4 ಜೂನ್ 2024

ಭಟ್ಟರೇ,

ಕೇಳಿದ್ದೀರಿ, ಬರೆಯದೆ ಇರಲಾರೆ. ನಿಮ್ಮ ಪದ ಗಟ್ಟಿಯಾಗಿ ನೆಲೆಯೂರುವ ಮೊದಲು, ಆಮೇಲೂ ಬಹಳ ಕಾಲ, ಇಂಗ್ಲಿಷ್ ವೈದ್ಯರು ಅದೇ ಸ್ಥಿತಿಗೆ ಇನ್ನೊಂದು ಹೆಸರು ಹೇಳುತ್ತಿದ್ದರು, ಮಾರ್ಟಿಫಿಕೇಷನ್. ಸಾವು ಎಂಬ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಸನ್ಯಾಸಿಗಳು ಉಪವಾಸದಿಂದ ಇಂದ್ರಿಯಗಳನ್ನು ಸಾಯಿಸುವುದಕ್ಕೂ ಅದೇ ಪದ, ಕಾಲಿನ ಮಾಂಸ ಸಾಯುವುದಕ್ಕೂ ಅದೇ. ಇವತ್ತು ವೈದ್ಯರು ಅದನ್ನು ಬಿಟ್ಟಿದ್ದಾರೆ. ಈಗ ಅದರ ಅರ್ಥ ನಾಚಿಕೆ, ನಾಲ್ಕು ಜನರ ಮುಂದೆ ಆಗುವ ಅವಮಾನ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ಪದ ನೇರವಾಗಿ ಡ್ರಾಯಿಂಗ್ ರೂಮಿಗೆ ಹೋಯಿತು ಎಂದು ನಾನು ಕ್ಲಾಸಿನಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ.

ಕಿಟ್ಟು ವಿಷಯ ಈಗ ಬೇಡ. ಕಾಗದ ಬರೆದದ್ದು ಕಾರ್ಯದರ್ಶಿಯ ಕರ್ತವ್ಯ. ಅದರಲ್ಲಿ ಒಂದೇ ಒಂದು ಕಟುವಾದ ಮಾತು ಇರಲಿಲ್ಲ. ‘ತಮ್ಮ ದೀರ್ಘಕಾಲದ ಸೇವೆಯನ್ನು ಸ್ಮರಿಸುತ್ತಾ’ ಎಂದೇ ಆರಂಭಿಸಿದ್ದೆ.

ಕಾಲಿನ ವಿಷಯದಲ್ಲಿ ನಿಮಗೆ ಸರಿ ಕಂಡಂತೆ ಮಾಡಿ. ನೀವು ಹಿರಿಯರು, ತಿಳಿದವರು.

ಸುಶಮೀಂದ್ರ


ತ್ರಿಪ್ಲಿಕೇನ್
20 ಜೂನ್ 2024

ಸುಶಮೀಂದ್ರ ಮಾಮಾ ಅವರಿಗೆ,

ನಾನು ಪ್ರಣಮ್ಯಾ. ನಾನು ಸ್ಕೂಲಿನಲ್ಲಿ ಕನ್ನಡ ಕಲಿತವಳಲ್ಲ. ಅಪ್ಪ ಮನೆಯಲ್ಲಿ ಹೇಳಿಕೊಟ್ಟಿದ್ದು ಮಾತ್ರ. ತಪ್ಪು ಇದ್ದರೆ ಸಾರಿ.

ಪಂಚಾಂಗದ ಒಳಗೆ ನಿಮ್ಮ ಎರಡು ಲೆಟರ್ ಸಿಕ್ಕಿತು. ಬೇರೆಯವರ ಲೆಟರ್ ಓದಬಾರದು, ಗೊತ್ತು. ಓದಿದೆ. ಒಂದೊಂದು ಲೈನ್ ಓದಲು ತುಂಬಾ ಹೊತ್ತು ಆಯಿತು. ಆಮೇಲೆ ತುಂಬಾ ಕೋಪ ಬಂತು.

ಮೊದಲು ನಾನು ನನ್ನ ತಪ್ಪು ಹೇಳುತ್ತೇನೆ. ಅಪ್ಪನಿಗೆ ಸಣ್ಣ ಇನ್‌ಫೆಕ್ಷನ್ ಅಂತ ಸುಳ್ಳು ಹೇಳಿದೆ. ಹೆದರುತ್ತಾರೆ ಅಂತ ಹೇಳಿದೆ. ಆ ತಪ್ಪು ನಂದು. ಆದರೆ ಮಾಮಾ, ಅಪ್ಪ ನಿಮ್ಮನ್ನು ಕೇಳಿದರು. ನಿಮಗೆ ನಿಜ ಗೊತ್ತಿತ್ತು. ನೀವು ಗ್ರೀಸ್, ಫ್ರಾನ್ಸ್ ಎಲ್ಲಾ ಬರೆದಿರಿ, ‘ಬೆರಳು ತೆಗೆಸಿಕೊಳ್ಳಿ’ ಅಂತ ಒಂದು ಲೈನ್ ಬರೆಯಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆರಳು ತೆಗೆದಿದ್ದರೆ ಸಾಕಿತ್ತು. ಈಗ ಒಣಗಿದ ಜಾಗದಲ್ಲಿ ನೀರು ಬರುತ್ತಿದೆ, ವಾಸನೆ ಬರುತ್ತಿದೆ. ಅಪ್ಪ ಊದುಬತ್ತಿ ಹಚ್ಚಿಕೊಂಡು ಕೂರುತ್ತಾರೆ. ಡಾಕ್ಟರ್ ಮುಂದಿನ ಅರ್ಧ ಪಾದ ತೆಗೆಯಬೇಕು ಅಂತ ಹೇಳಿದರು, ಇನ್ನೂ ತಡ ಆದರೆ ಮೊಣಕಾಲಿನವರೆಗೆ, ಅದಕ್ಕೂ ತಡ ಆದರೆ ಪ್ರಾಣಕ್ಕೇ ಅಪಾಯ ಅಂದರು. ಅಪ್ಪ ಆರಾಧನೆ ಆರಾಧನೆ ಅಂತಲೇ ಹೇಳುತ್ತಾರೆ. ನಾನು ಅತ್ತರೂ ಕೇಳುವುದಿಲ್ಲ. ನಿಮ್ಮ ಲೆಟರನ್ನು ಪಂಚಾಂಗದಲ್ಲಿ ಇಟ್ಟುಕೊಂಡಿದ್ದಾರೆ ಅಂದರೆ ನಿಮ್ಮ ಮಾತು ಕೇಳುತ್ತಾರೆ.

ದಯವಿಟ್ಟು ಮೀನಿಂಗ್ ಬರೆಯಬೇಡಿ. ಏನು ಮಾಡಬೇಕು ಅಂತ ಬರೆಯಿರಿ.

ಪ್ರಣಮ್ಯಾ


ಪೆರಂಬೂರು
22 ಜೂನ್ 2024

ಭಟ್ಟರೇ,

ಗ್ಯಾಂಗ್ರೀನ್ ಎಂದರೆ ನಿಮ್ಮ ಕಾಲು ಸತ್ತು ಕೊಳೆಯುತ್ತಿದೆ ಎಂದು ಅರ್ಥ. ಅದು ತಾನಾಗಿ ವಾಸಿಯಾಗುವುದಿಲ್ಲ. ಕೊಳೆತದ್ದನ್ನು ಕತ್ತರಿಸಿ ತೆಗೆಯಬೇಕು. ತೆಗೆಯದಿದ್ದರೆ ಆರಾಧನೆಯ ಹೊತ್ತಿಗೆ ನೀವು ಇರುವುದಿಲ್ಲ.

ಇದು ನಿಮ್ಮ ಮೊದಲ ಕಾಗದ ಓದಿದ ದಿನವೇ ನನಗೆ ಗೊತ್ತಿತ್ತು. ಬರೆಯಲು ಕೈ ಬರಲಿಲ್ಲ. ಆರು ವರ್ಷದ ಮೇಲೆ ನೀವಾಗಿ ಬರೆದಿದ್ದಿರಿ, ಮೊದಲ ಕಾಗದದಲ್ಲೇ ಕಾಲು ಕತ್ತರಿಸಿಕೊಳ್ಳಿ ಎಂದು ಹೇಗೆ ಬರೆಯಲಿ ಎಂದುಕೊಂಡೆ. ಅದಕ್ಕೆ ನಿಘಂಟು ತೆಗೆದು ಕೂತೆ. ಚೆನ್ನಾಗಿ ಬರೆದಿದ್ದೇನೆ ಎಂದು ಲಕ್ಷ್ಮಿಗೆ ಓದಿ ಬೇರೆ ಹೇಳಿದೆ. ಕಿಟ್ಟುವಿಗೂ ನಾನು ಮಾಡಿದ್ದು ಇದನ್ನೇ. ಅವನನ್ನು ಬಿಡಿಸುವುದು ಅನ್ಯಾಯ ಎಂದು ಗೊತ್ತಿತ್ತು. ಅನ್ಯಾಯ ಎಂದು ಎದ್ದು ನಿಂತು ಹೇಳುವ ಬದಲು ಸೊಗಸಾದ ಕಾಗದ ಬರೆದು, ಪಾಪವನ್ನೆಲ್ಲ ನಿಮ್ಮ ತಲೆಗೆ ಕಟ್ಟಿ, ಮಾತು ಬಿಟ್ಟೆ. ಕಟುಕನಿಗಾದರೂ ತಾನು ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ.

ನಾಳೆಯೇ ಆಸ್ಪತ್ರೆಗೆ ಸೇರಿ. ನಿಮ್ಮ ಅರ್ಧ ಪಾದ ಹೋಗುವುದರಲ್ಲಿ ನನ್ನ ಎರಡು ಕಾಗದಗಳ ಪಾಲು ಇದೆ. ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನೀವು ಬೈದರೆ ಬೈಸಿಕೊಳ್ಳುತ್ತೇನೆ, ಆದರೆ ಬೈಯಲು ನೀವು ಇರಬೇಕು.

ಇದನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ಪ್ರಣಮ್ಯಾಳ ಕೈಗೆ ಕೊಡುತ್ತೇನೆ. ಒಳಗೆ ಬರುವ ಧೈರ್ಯವಿಲ್ಲ, ನೀವು ಓದಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿರುತ್ತೇನೆ.

ಸುಶಮೀಂದ್ರ


ಕೀಲ್ಪಾಕ್
11 ಜುಲೈ 2024

ಮೇಷ್ಟ್ರೇ,

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಇನ್ನೂ ಕೆಟ್ಟಿರಬಹುದು. ಐದು ಬೆರಳೂ ಹೋಯಿತು, ಹಿಮ್ಮಡಿ ಮತ್ತು ಅರ್ಧ ಪಾದ ಉಳಿಯಿತು. ಮೊಣಕಾಲು ಉಳಿದದ್ದು ದೊಡ್ಡದು ಎಂದು ಡಾಕ್ಟರಮ್ಮ ಹೇಳುತ್ತಾರೆ. ಇಲ್ಲದ ಬೆರಳು ತುರಿಸುತ್ತದೆ. ಕೆರೆಯಲು ಕೈ ಹಾಕಿದರೆ ಬರೀ ಬ್ಯಾಂಡೇಜು. ನಿನ್ನೆ ಹಾಗೆ ಕೈ ಹಾಕಿ ಸುಮ್ಮನೆ ಅತ್ತುಬಿಟ್ಟೆ. ಪಕ್ಕದ ಬೆಡ್ಡಿನವರು ತಮ್ಮ ಬಿಸ್ಕೆಟ್ ಕೊಟ್ಟರು.

ಆ ದಿನ ನೀವು ಬಾಗಿಲಲ್ಲಿ ನಿಂತದ್ದು ಕಂಡಿತು. ಅಂಗಿ ಎಲ್ಲ ಬೆವರಿತ್ತು. ಒಳಗೆ ಬನ್ನಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪ್ರಣಮ್ಯಾ ಆಟೋ ಕರೆದಳು. ನೀವು ಹಿಂದಿನಿಂದ ಬಸ್ಸಿನಲ್ಲಿ ಆಸ್ಪತ್ರೆಗೆ ಬಂದು, ಕಾರಿಡಾರಿನಲ್ಲಿ ಕೂತು, ನನ್ನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಎದ್ದು ಹೋದಿರಂತೆ. ಆಮೇಲೆ ಅವಳೇ ಹೇಳಿದಳು.

ಈಗ ನಿಮ್ಮ ಪಾಪದ ಲೆಕ್ಕ ಸರಿ ಮಾಡುತ್ತೇನೆ. ನಿಮ್ಮ ಎರಡು ಕಾಗದಕ್ಕೆ ನನ್ನ ಕಾಲು ಹೋಯಿತು ಎಂದು ಬರೆದಿದ್ದೀರಿ. ಅದು ಸುಳ್ಳು. ನಲವತ್ತು ವರ್ಷ ಅಡುಗೆಮನೆಯಲ್ಲಿ ಇದ್ದವ ನಾನು. ಅನ್ನ ಹಳಸುವುದಕ್ಕೆ ಒಂದು ವಾಸನೆ, ಹಿಟ್ಟು ಹುಳಿ ಬರುವುದಕ್ಕೆ ಇನ್ನೊಂದು, ಬೇಳೆ ಮುಗ್ಗಿದರೆ ಬೇರೆಯೇ. ಕೊಳೆತ ಕುಂಬಳಕಾಯಿಯನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನನ್ನ ಕಾಲಿಗೆ ಏನಾಗಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಅರ್ಥ ಗೊತ್ತಿದ್ದೇ ಕೇಳಿದೆ. ನೀವು ಉದ್ದ ಬರೆಯುತ್ತೀರಿ ಎಂದೂ ಗೊತ್ತಿತ್ತು. ನೀವು ಬರೆಯುವಷ್ಟು ದಿನ ನಾನು ಏನೂ ನಿರ್ಧಾರ ಮಾಡಬೇಕಾಗಿರಲಿಲ್ಲ.

ಮತ್ತೊಂದು ಮಾತು. ನಾಚಿಕೆ ಎಂಬ ಅರ್ಥದ ಆ ಎರಡನೆಯ ಪದ ನನಗೆ ತಾಗಿತು. ಕತ್ತಿಗೆ ನಾನು ಹೆದರಲಿಲ್ಲ. ಅಂಗ ಊನವಾಗಿ ಬಾಗಿಲಲ್ಲಿ ನಿಂತಾಗ ಕಿಟ್ಟುವಿಗೆ ಹೇಗಾಗಿರಬೇಕು ಎಂದು ತಿಳಿಯುವುದಕ್ಕೆ ಹೆದರಿದೆ. ಈಗ ತಿಳಿಯಿತು.

ಮಧ್ವರಾಜ


ಪೆರಂಬೂರು
30 ಜುಲೈ 2024

ಭಟ್ಟರೇ,

ನಿನ್ನೆ ಕಮಿಟಿ ಸೇರಿತ್ತು. ನಿಮ್ಮ ವಿಷಯ ಬಂತು. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ, “ಭಟ್ಟರ ಸೇವೆ ದೊಡ್ಡದು. ಕೈ ಸರಿಯಾಗಿದೆ, ಕಾಲು ತಾನೇ? ಅವರಿಗೆ ಮಾತ್ರ ವಿನಾಯಿತಿ ಕೊಡೋಣ, ಸ್ಟೂಲ್ ಹಾಕ್ಕೊಂಡು ಕೂತು ಒಗ್ಗರಣೆ ಕೊಡಲಿ” ಎಂದರು. ಎಲ್ಲರೂ ಕೈ ಎತ್ತಿದರು. ನಿರ್ಣಯ ಬರೆಯಿರಿ ಎಂದು ಪುಸ್ತಕ ನನ್ನ ಮುಂದೆ ಇಟ್ಟರು.

ನಾನು ಬರೆಯಲಿಲ್ಲ. ಕಿಟ್ಟುವಿಗೆ ಇಲ್ಲದ ವಿನಾಯಿತಿ ಭಟ್ಟರಿಗೆ ಯಾಕೆ ಎಂದು ಕೇಳಿದೆ. ಅದು ಹಳೇ ಕಥೆ ಎಂದರು. ಹಳೇ ಕಥೆ ಅಲ್ಲ, ಕಾಗದ ಬರೆದವ ಇಲ್ಲೇ ಕೂತಿದ್ದೇನೆ, ಅದು ಅನ್ಯಾಯ ಎಂದೆ. ದನಿ ಸ್ವಲ್ಪ ಜೋರಾಯಿತು. ಮೂವತ್ತು ವರ್ಷ ಕ್ಲಾಸಿನಲ್ಲಿ ಕೂಡ ನಾನು ಅಷ್ಟು ಜೋರಾಗಿ ಮಾತಾಡಿರಲಿಲ್ಲ. ಕೊನೆಗೆ ಬೇರೆಯವರು ಬರೆದರು. ವಿನಾಯಿತಿ ಪಾಸಾಗಿದೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಒಪ್ಪಿದರೆ ನಾನು ತಪ್ಪು ತಿಳಿಯುವುದಿಲ್ಲ, ಆ ಮೂರು ದಿನ ನಿಮಗೆ ಏನೆಂದು ನನಗೆ ಗೊತ್ತು.

ಕಿಟ್ಟು ನಿಮ್ಮಿಂದ ನಾಲ್ಕು ಬೀದಿ ಆಚೆಯೇ ಇದ್ದಾನೆ. ಮನೆಯಲ್ಲೇ ಅಡುಗೆ ಮಾಡಿ ವಯಸ್ಸಾದವರಿಗೆ ಕ್ಯಾರಿಯರ್ ಕಳಿಸುತ್ತಾನೆ. ವಿಳಾಸವನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಕಳೆದ ವಾರ ನಾನು ಹೋಗಿದ್ದೆ. ಅವನಿಗೆ ಏನು ಹೇಳಿದೆ, ಅವನು ಏನು ಹೇಳಿದ ಎಂದು ಬರೆಯುವುದಿಲ್ಲ.

ಸುಶಮೀಂದ್ರ


ತ್ರಿಪ್ಲಿಕೇನ್
18 ಆಗಸ್ಟ್ 2024

ಮೇಷ್ಟ್ರೇ,

ವಿನಾಯಿತಿ ಬೇಡ ಎಂದು ಕಮಿಟಿಗೆ ಹೇಳಿ ಕಳಿಸಿದೆ. ನಾಡಿದ್ದಿನಿಂದ ಆರಾಧನೆ. ಕುಂಭಕೋಣದಿಂದ ಯಾರೋ ಅಡುಗೆಯವರು ಬರುತ್ತಾರಂತೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮೂರು ದಿನ ನಾನು ಮನೆಯಲ್ಲಿರುತ್ತೇನೆ. ಬೇಸರವಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ತುಂಬ ಬೇಸರ ಉಂಟು.

ಇವತ್ತು ಬೆಳಿಗ್ಗೆ ಕಿಟ್ಟುವಿನ ಮನೆಗೆ ಹೋದೆ. ಕೋಲು ಒಂದು ಕೈಯಲ್ಲಿ, ಇನ್ನೊಂದು ಕಡೆ ಪ್ರಣಮ್ಯಾ. ಆಸ್ಪತ್ರೆಯವರು ಕೊಟ್ಟ ಬೂಟನ್ನು ಹೊಸಿಲಿನ ಹೊರಗೆ ಬಿಚ್ಚಲು ಬಗ್ಗಿದೆ. ಅವನು ಒಳಗಿನಿಂದ, “ಅಯ್ಯೋ ಅದನ್ನ ಬಿಚ್ಚಬೇಡಿ ಭಟ್ರೇ, ಹಾಗೇ ಬನ್ನಿ” ಎಂದ. ಮಡಿಯಲ್ಲಿದ್ದವ. ಒಲೆಯ ಮೇಲೆ ಅಡುಗೆ ಇತ್ತು. ನಾನು ಬೂಟು ಹಾಕಿಕೊಂಡೇ ಅವನ ಅಡುಗೆಮನೆಯ ಬಾಗಿಲವರೆಗೆ ಹೋದೆ.

ಹೇಳಬೇಕೆಂದಿದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. “ಕಿಟ್ಟು, ನಾನು ನಿಂಗೆ ಮಾಡಿದ್ದು ತಪ್ಪು ಮಾರಾಯಾ” ಎಂದೆ, ಅಷ್ಟೆ. ಅವನು ನನ್ನ ಕಾಲು ನೋಡಿ, “ಇಲ್ಲದ ಬೆರಳು ತುರಿಸತ್ತಾ?” ಎಂದು ಕೇಳಿದ. ಹೌದು ಎಂದೆ. “ಎರಡು ವರ್ಷ ಇರತ್ತೆ. ಅಪ್ಪುರಂ ಸರಿಯಾಗತ್ತೆ” ಎಂದ.

ಮುಂದಿನ ವರ್ಷವಾದರೂ ಮಠದ ಒಲೆಗೆ ಬಾ, ಕಮಿಟಿಯ ಎದುರು ನಾನೇ ನಿಂತು ಕೇಳುತ್ತೇನೆ, ಮೇಷ್ಟ್ರು ಜೊತೆಗಿರುತ್ತಾರೆ ಎಂದೆ. ತಲೆ ಅಲ್ಲಾಡಿಸಿದ. “ಬರಲ್ಲ ಭಟ್ರೇ. ಕೋಪ ಪೂರ್ತಿ ಹೋಯ್ತು ಅಂತ ಹೇಳಕ್ಕಾಗಲ್ಲ. ಆ ಬಾಗಿಲಲ್ಲಿ ಇನ್ನೊಂದು ಸಲ ನಿಲ್ಲಕ್ಕೆ ನನ್ ಕೈಲಿ ಆಗಲ್ಲ. ನೀವು ಬಂದ್ರಲ್ಲ, ಸಾಕು. ಊಟ ಮಾಡ್ಕೊಂಡು ಹೋಗಿ.”

ಒತ್ತಾಯ ಮಾಡುವ ಹಕ್ಕು ನನಗೆಲ್ಲಿದೆ? ನೆಲದ ಮೇಲೆ ಕೂರಲಾಗದ ನನಗೆ ಸ್ಟೂಲು, ಮುಂದೆ ಇನ್ನೊಂದು ಸ್ಟೂಲಿನ ಮೇಲೆ ಬಾಳೆ ಎಲೆ. ಮೂರು ಬೆರಳಿನ ಕೈಯಲ್ಲೇ ಬಡಿಸಿದ. ಸೌಟನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿ ಹಿಡಿಯುತ್ತಾನೆ, ಒಂದು ಹನಿ ಆಚೆ ಬೀಳಲಿಲ್ಲ. ಚಾತುರ್ಮಾಸ್ಯದ ಈ ತಿಂಗಳು ಮೊಸರು ಬಿಟ್ಟಿದ್ದೇವಲ್ಲ, ಸಾರನ್ನವನ್ನೇ ಎರಡನೆಯ ಸಲವೂ ಹಾಕಿಸಿಕೊಂಡೆ. ಪ್ರಣಮ್ಯಾ ಮೂರನೆಯ ಸಲ ಕೇಳಿದಳು.

ನನ್ನ ಸಾರಿಗಿಂತ ಒಂದು ಕೈ ಮೇಲು, ಮೇಷ್ಟ್ರೇ. ಜೊತೆಗೆ ಬೇಯಿಸುತ್ತಿದ್ದ ದಿನಗಳಲ್ಲೂ ಮೇಲೇ ಇತ್ತು, ನಾನು ಒಪ್ಪುತ್ತಿರಲಿಲ್ಲ. ಎಲೆಯ ಮುಂದೆ ಕೂತಲ್ಲೇ ಕಣ್ಣೀರು ಬಂತು, ಮೆಣಸಿನ ಖಾರ ಎಂದೆ. ಅವನು ನಂಬಿದ ಹಾಗೆ ನೀರು ತಂದಿಟ್ಟ. ಆ ರುಚಿಯನ್ನು ಆರು ವರ್ಷ ದೇವರ ಬಾಯಿಗೆ ತಪ್ಪಿಸಿದವ ನಾನು.

ಮಧ್ವರಾಜ